ತಡವಾದವರ ಪಂಚಾಯ್ತಿ

ಉಪ್ಪಲ್‌ನ ಫ್ಯಾನ್ ಕಾರ್ಖಾನೆಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದ ಅಮರೇಶಪ್ಪ ಮಹಾ ಮಾತುಗಾರ. ಆ ಮಾತೇ ಅವನ ಕುತ್ತಿಗೆಗೆ ಬಂತು. ಹಿಮಾಯತ್‌ನಗರದ ಯೂನಿಯನ್ ಕಚೇರಿಯಲ್ಲಿ ಕೇಳಿದ್ದನ್ನು ಹಿಡಿದು ಒಮ್ಮೆ ಗೇಟಿನ ಮುಂದೆ ಭಾಷಣ ಬಿಗಿದ: ಕ್ರಾಂತಿಯ ಹೊಸತರಲ್ಲಿ ರಷ್ಯದಲ್ಲಿ ಕೆಲಸಕ್ಕೆ ತಡವಾಗಿ ಬಂದವರನ್ನು ವಿಚಾರಿಸುತ್ತಿದ್ದವರು ಜೊತೆಯ ಕಾರ್ಮಿಕರೇ.

ಮ್ಯಾನೇಜರಿಗೆ ಇದು ಬಹಳ ಹಿಡಿಸಿತು. ಮರುದಿನವೇ ತಡವಾಗಿ ಬಂದವರನ್ನು ವಿಚಾರಿಸಲು ಕಾರ್ಮಿಕರದೊಂದು ಪಂಚಾಯ್ತಿ ಮಾಡಿ ಅಮರೇಶಪ್ಪನನ್ನೇ ಮುಖ್ಯಸ್ಥನಾಗಿ ಕೂರಿಸಿದ. ತಾನೇ ಆಡಿದ ಮಾತು, ಅಮರೇಶಪ್ಪ ಒಲ್ಲೆ ಎನ್ನುವಂತಿರಲಿಲ್ಲ. ಮಗುವಿಗೆ ಜ್ವರವೆಂದು ತಡವಾಗಿ ಬಂದ ಯಾದಮ್ಮನನ್ನು ಅವನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದ. ಅಂದಿನಿಂದ ಕ್ಯಾಂಟೀನಿನಲ್ಲಿ ಅವನ ಪಕ್ಕ ಯಾರೂ ಕೂರುವುದಿಲ್ಲ. ಮ್ಯಾನೇಜರ್ ಮಾತ್ರ ಹೆಗಲ ಮೇಲೆ ಕೈಯಿಡುತ್ತಾನೆ.

ಒಂದು ಬೆಳಿಗ್ಗೆ ಹೆಂಡತಿ ಸೂಗಮ್ಮನಿಗೆ ಹೆರಿಗೆ ನೋವು ಶುರುವಾಯಿತು. ಆಟೋ ತರಲು ಹೊರಟವನು, ಕಾರ್ಖಾನೆಯ ಭೋಂಗಾ ಕೂಗಿದ್ದು ಕೇಳಿ ಹೊಸ್ತಿಲಲ್ಲೇ ನಿಂತ.

"ನೀವು ಕೆಲಸಕ್ಕ ಹೋಗ್ರಿ," ಎಂದಳು ಸೂಗಮ್ಮ ಹಲ್ಲು ಕಚ್ಚಿಕೊಂಡು. "ಬಾಜೂಮನಿ ಅಕ್ಕಾರು ದವಾಖಾನಿಗೆ ಕರ್ಕೊಂಡು ಹೋಗ್ತಾರ."

"ಇಂಥಾದ್ರಾಗ ಬಿಟ್ಟು ಹೆಂಗ ಹೋಗ್ಲಿ?"

"ತಡಾ ಆದ್ರ ನಿಮ್ಮನ್ನ ಒಳಗ ಯಾರು ಬಿಡ್ತಾರ್ರಿ? ಯಾದಮ್ಮನ್ನ ನೀವು ಬಿಟ್ಟೀರೇನು?"

ಅಮರೇಶಪ್ಪ ಚಪ್ಪಲಿ ಮೆಟ್ಟಿ ಓಡಿದ, ಗೇಟಿನ ಕಡೆಗೆ.