ಪರಿಸರ ದಿನಕ್ಕೆ ಮುಂದೂಡಿದ ಮೀನು

ನಮ್ಮೂರಿನ ಶಾಲೆಯ ಮೇಷ್ಟ್ರು ಸುಗುಣಾನಂದನ್ ಮಾಷ್‌ಗೆ ಗದ್ದೆಯೆಂದರೆ ಪ್ರಾಣ. ಗದ್ದೆಗೆ ಇಳಿಯುತ್ತಿರಲಿಲ್ಲ, ಅಷ್ಟೇ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಮುಂಡುಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬದುವಿನ ಮೇಲೆ ನಿಂತು, ಫೋನಿನಲ್ಲಿ ಗದ್ದೆಯನ್ನು ತುಂಬಿಕೊಂಡು ಮನೆಗೆ ಹೋಗುತ್ತಿದ್ದರು.

ರೋಗದ ವರ್ಷಗಳಲ್ಲಿ ಎಲ್ಲ ಮಾಷ್‌ಗಳೂ ಫೋನಿನಲ್ಲಿ ಪಾಠ ಮಾಡಿದರು. ರೋಗ ಹೋದ ಮೇಲೆ ತರಗತಿಗೆ ಮರಳಿದರು. ಸುಗುಣಾನಂದನ್ ಮಾಷ್ ಮಾತ್ರ ಫೋನಿನಲ್ಲೇ ಉಳಿದುಕೊಂಡರು. ಅಲ್ಲಿ ಯಾವ ಮಗುವೂ ಎದ್ದುನಿಂತು ಮೂತ್ರಕ್ಕೆ ಹೋಗಬೇಕು ಅನ್ನುತ್ತಿರಲಿಲ್ಲ. ಪರಿಸರ, ಚರಿತ್ರೆ ಎರಡನ್ನೂ ಬೆರೆಸಿ ‘ನೀರು, ನೆಲ, ನೆನಪು’ ಎಂಬ ಆನ್‌ಲೈನ್ ಪಾಠಮಾಲೆ ಹೆಣೆದರು. ಪರದೆಯ ಮೇಲಿನ ಏಡಿಯನ್ನು ಬೆರಳಿನಿಂದ ಎಳೆದು ಬಿಲಕ್ಕೆ ಸೇರಿಸಿದ ಮಗುವಿಗೆ ಒಂದು ನಕ್ಷತ್ರ. ಅಜ್ಜಿಯನ್ನು ಸಂದರ್ಶಿಸಿ ಹಳೆಯ ಕಾಲದ ಬಗ್ಗೆ ಬರೆದು ಕಳಿಸಿದರೆ ಐದು. ಆದರೆ ಫೋಟೋದಲ್ಲಿ ಅಜ್ಜಿ ನಗುತ್ತಿರಬೇಕು. ನಗದ ಅಜ್ಜಿಯರು ವಾಪಸಾಗುತ್ತಿದ್ದರು.

ಶನಿವಾರ ಶಿಕ್ಷಕರಿಗೂ ತರಬೇತಿ. ಟೀಚರುಗಳು ಮುಖ ಮರೆಸಿ, ಮಾತು ನಿಲ್ಲಿಸಿ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಅಲಸಂದೆ ಬಿಡಿಸುತ್ತಿದ್ದರು. ಪರದೆಯ ಮೇಲಿನ ಕಪ್ಪು ಚೌಕಗಳನ್ನೆಲ್ಲ ಮಾಷ್ ತಮ್ಮ ಶ್ರೋತೃಗಳೆಂದೇ ತಿಳಿದು, ಒಂದೊಂದು ಚೌಕಕ್ಕೂ ಕೈಮುಗಿದು, “ಒಳ್ಳೆಯ ಪ್ರಶ್ನೆ” ಎನ್ನುತ್ತಿದ್ದರು. ಯಾರೂ ಪ್ರಶ್ನೆ ಕೇಳಿರುತ್ತಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಊರಿಗೆ ನಷ್ಟವಿರಲಿಲ್ಲ. ಆದರೆ ಮಾಷ್ ಗದ್ದೆ ಸಮಿತಿಯ ಕಾರ್ಯದರ್ಶಿಯೂ ಆಗಿದ್ದರು. ಓದುಬರಹ ಬಲ್ಲವರು ಬೇಕು ಅಂತ ನಾವೇ ಕೂರಿಸಿದ್ದು.

ನಮ್ಮದು ಹಿನ್ನೀರಿನ ಪಕ್ಕದ ಉಪ್ಪುಗದ್ದೆ. ಮಳೆಗಾಲದಲ್ಲಿ ಭತ್ತ; ಕೊಯ್ಲಾದ ಮೇಲೆ ತೂಬು ತೆರೆದು ಕಡಲ ಭರತದ ನೀರು ಒಳಬಿಟ್ಟರೆ ಸೀಗಡಿ. ಸೀಗಡಿಯ ಗುತ್ತಿಗೆ ವರೀದನದು, ವಿಷು ಹಬ್ಬದವರೆಗೆ. ವಿಷುವಿನ ಮರುದಿನ ಗುತ್ತಿಗೆ ಮುಗಿದು ಗದ್ದೆ ಊರಿನದಾಗುತ್ತದೆ. ಅವತ್ತು ಯಾರು ಬೇಕಾದರೂ ಇಳಿದು ಕೆಸರು ಕಲಕಿ, ಕೈಗೆ ಸಿಕ್ಕ ಮೀನನ್ನು ಒಯ್ಯಬಹುದು. ಗದ್ದೆ ಕಲಕುವುದು ಎನ್ನುತ್ತೇವೆ. ತುಂಡು ನೆಲವೂ ಇಲ್ಲದ, ಊರ ಮಕ್ಕಳೆಲ್ಲ ಚೇಚಿ, ಅಂದರೆ ಅಕ್ಕ, ಎನ್ನುವ ಅಮ್ಮಿಣಿಯಂಥವರು ಅವತ್ತು ಬುಟ್ಟಿ ತುಂಬಿಕೊಂಡು, ಒಣಗಿಸಿ, ಕೆಲಸವಿಲ್ಲದ ಕರ್ಕಟಕ ಮಾಸದ ಮಳೆಯನ್ನು ಅದರಲ್ಲೇ ದಾಟುತ್ತಾರೆ. ಮೀನು ಎತ್ತಿದ ಮೇಲೆ ನೀರು ಬಸಿದು, ಮಣ್ಣು ಗುಡ್ಡೆ ಹಾಕಿ, ಭತ್ತದ ತಯಾರಿ.

ಈ ಕಲಕುವಿಕೆಯನ್ನು ನೇರಪ್ರಸಾರದಲ್ಲಿ ನಾಡಿನ ಶಾಲೆಗಳಿಗೆಲ್ಲ ತೋರಿಸಬೇಕು ಎಂದು ಮಾಷ್‌ಗೆ ಹೊಳೆಯಿತು. ಹೊಳೆದದ್ದು ತಪ್ಪಲ್ಲ. ವಿಷು ಬರುವುದು ಬೇಸಿಗೆ ರಜೆಯಲ್ಲಿ ಎಂಬುದೂ ಆಮೇಲೆ ಹೊಳೆಯಿತು. ವಾಚನಾಲಯದಲ್ಲಿ ಸಭೆ ಕರೆದರು.

“ರಜೇಲಿ ಮಕ್ಕಳು ಪರದೆ ಮುಂದೆ ಕೂರಲ್ಲ. ಶಾಲೆ ಶುರುವಾದ ವಾರದಲ್ಲೇ ಪರಿಸರ ದಿನ ಇದೆ. ಈ ಸಲ ಕಲಕೋದನ್ನ ಆವತ್ತಿಗೆ ಇಟ್ಟುಕೊಳ್ಳೋಣ.”

“ಮಕ್ಕಳಿಗೆ ರಜೆ ಅಂತ ಮೀನು ಕಾಯುತ್ತಾ ಮಾಷೇ?” ಎಂದಳು ಅಮ್ಮಿಣಿ.

“ಅಮ್ಮಿಣೀ, ನೀನು ಬುಟ್ಟಿ ಲೆಕ್ಕದಲ್ಲಿ ನೋಡ್ತೀಯ. ನಾನು ಪರಂಪರೆ ಲೆಕ್ಕದಲ್ಲಿ ನೋಡ್ತೀನಿ.”

“ನೋಡಿ ಮಾಷೇ, ನೋಡಿ. ಪರಂಪರೇನ ಒಣಗಿಸಿ ಇಟ್ರೆ ಕರ್ಕಟಕದಲ್ಲಿ ಗಂಜಿಗೆ ನಂಚಿಕೊಳ್ಳೋಕೆ ಬರುತ್ತಾ, ಅದನ್ನ ಹೇಳಿ.”

ಗುತ್ತಿಗೆದಾರ ವರೀದ್ ಎದೆಯ ಮೇಲೆ ಕೈಯಿಟ್ಟು ಎದ್ದ. “ಮಕ್ಕಳ ವಿದ್ಯೆ ಅಂದ್ಮೇಲೆ ನಾನು ಎರಡು ಮಾತಾಡಲ್ಲ. ಅಲ್ಲೀವರೆಗೆ ಗದ್ದೆ ನಾನೇ ಕಾಯ್ತೀನಿ. ಅದರ ಕಷ್ಟ ನನಗಿರ್ಲಿ.”

“ಬೆಕ್ಕು ಹಾಲಿಗೆ ಕಾವಲು ಕೂತ ಕಷ್ಟ,” ಎಂದಳು ಅಮ್ಮಿಣಿ. ಅಷ್ಟರಲ್ಲಿ ವರೀದ್ ಎಲ್ಲರಿಗೂ ಬಾಳೆಹಣ್ಣಿನ ಬಜ್ಜಿ, ಚಹಾ ತರಿಸಿದ್ದ. ಬಾಯಲ್ಲಿ ಬಜ್ಜಿ ಇದ್ದವರು ಮಾತಾಡಲಾರದೆ ಕೈ ಎತ್ತಿದರು. ಕಾರ್ಯದರ್ಶಿಗಳು ಅದನ್ನು ಒಪ್ಪಿಗೆ ಎಂದು ಘೋಷಿಸಿದರು.

ವಿಷು ಬಂತು, ಹೋಯಿತು. ವರೀದ್ ಗದ್ದೆ ಕಾದ. ಪ್ರತಿ ಇಳಿತಕ್ಕೂ ತೂಬಿನ ಬಾಯಿಗೆ ಬಲೆ ಕಟ್ಟಿ ಕಾದ. ಹೆಗಲ ಮೇಲೆ ಬುಟ್ಟಿ ಹೊತ್ತ ಅವನ ಆಳುಗಳು ಸಾಲಾಗಿ ದೋಣಿಗೆ ನಡೆಯುವುದನ್ನು ಊರೇ ನೋಡಿತು. ಅಮ್ಮಿಣಿ ಮಾಷ್ ಮನೆಗೆ ಹೋಗಿ ಹೇಳಿದಳು. ಮಾಷ್ ಆಗ ‘ಗದ್ದೆಯಲ್ಲಿ ಎಷ್ಟು ಬಗೆಯ ಮೀನುಗಳಿವೆ?’ ಎಂಬ ಪ್ರಶ್ನೆಗೆ ನಾಲ್ಕು ಉತ್ತರ ಜೋಡಿಸುತ್ತಿದ್ದರು.

“ಸೊನ್ನೆ ಅಂತಾನೂ ಒಂದು ಹಾಕಿಡಿ ಮಾಷೇ,” ಎಂದಳು ಅಮ್ಮಿಣಿ.

“ಸರಿ ಉತ್ತರ ಆಗಲೇ ಇಟ್ಟಾಗಿದೆ,” ಎಂದರು ಮಾಷ್, ತಲೆಯೆತ್ತದೆ.

ಅವರ ಹೆಂಡತಿ ಸುಭಾಷಿಣಿ ಒಳಗಿಂದ ಬಂದು ಅಮ್ಮಿಣಿಗೆ ನೀರು ಕೊಟ್ಟು, ಗಂಡನನ್ನು ಒಮ್ಮೆ ನೋಡಿ ಒಳಹೋದರು.

ಪರಿಸರ ದಿನ ಜಿಟಿಜಿಟಿ ಮಳೆ. ಮಾಷ್ ಬದುವಿನ ಮೇಲೆ ಮುಕ್ಕಾಲಿ ನಿಲ್ಲಿಸಿ, ಫೋನಿಗೆ ಕೊಡೆ ಹಿಡಿಸಿ, ತಾವು ನೆನೆಯುತ್ತ ನಿಂತರು. ಇಷ್ಟು ತ್ಯಾಗವನ್ನು ಒಪ್ಪಬೇಕು. ಪರದೆಯಲ್ಲಿ ಬೆಟ್ಟದ ಮೇಲಿನ ಶಾಲೆಯಿಂದ ಕಡಲ ದಂಡೆಯ ಶಾಲೆಯವರೆಗೆ ಮಕ್ಕಳ ತಲೆಗಳು. “ನೂರಾರು ವರ್ಷಗಳ ಜೀವಂತ ಪರಂಪರೆ,” ಎಂದು ಮಾಷ್ ಕೈ ಬೀಸಿದರು. ಜನ ಇಳಿದರು. ಕಲಕಿದರು. ಕೆಸರು ಬಂತು. ಮತ್ತೂ ಕಲಕಿದರು. ಮತ್ತೂ ಕೆಸರು ಬಂತು. ಕೊನೆಗೆ ಅಮ್ಮಿಣಿಯ ಕೈಗೆ ಒಂದು ಚಪ್ಪಲಿ ಸಿಕ್ಕಿತು.

ಮಾಷ್ ಮೂರ್ಖರಲ್ಲ. ಬೆಳಿಗ್ಗೆ ಬದುವಿಗೆ ಬಂದಾಗಲೇ ನೀರಿನ ಮೌನ ಕಂಡು ಅವರಿಗೆ ಅನುಮಾನ ಹುಟ್ಟಿತ್ತು. ಹುಟ್ಟಿದ್ದೇ ತಡ ಪೇಟೆಗೆ ಆಟೋ ಓಡಿಸಿ, ಐಸ್ ಪೆಟ್ಟಿಗೆಯಿಂದ ಎರಡು ದಪ್ಪ ಕರಿಮೀನು ತಂದು, ಬದುವಿನ ಹುಲ್ಲಿನಲ್ಲಿ ಅಡಗಿಸಿದ್ದರು. ಈಗ ಫೋನನ್ನು ಆಕಾಶಕ್ಕೆ ತಿರುಗಿಸಿ, “ಮಕ್ಕಳೇ, ಮೋಡ ಗಮನಿಸಿ,” ಎಂದು ಹೇಳಿ ಅಮ್ಮಿಣಿಯ ಕೈಗೆ ಒಂದು ಮೀನು ತುರುಕಿದರು. “ಎತ್ತಿ ಹಿಡಿ. ನಗು.”

ಫೋನು ಮತ್ತೆ ಕೆಳಗೆ ತಿರುಗಿತು. ಅಮ್ಮಿಣಿ ಎತ್ತಿ ಹಿಡಿದಳು. ನಗಲಿಲ್ಲ.

ಬೆಟ್ಟದ ಶಾಲೆಯ ಒಬ್ಬ ಹುಡುಗಿ ಕೇಳಿದಳು: “ಮಾಷೇ, ಮೀನಿನ ಮೇಲೆ ಐಸ್ ಯಾಕಿದೆ?”

“ಒಳ್ಳೆಯ ಪ್ರಶ್ನೆ,” ಎಂದರು ಮಾಷ್. ಇಷ್ಟು ವರ್ಷಗಳಲ್ಲಿ ಪರದೆಯಿಂದ ಅವರಿಗೆ ಬಂದ ಮೊದಲ ಪ್ರಶ್ನೆ ಅದು. “ಮಳೆಗಾಲದಲ್ಲಿ ಗದ್ದೆಯ ತಳ ತಂಪಾಗಿರುತ್ತೆ.”

“ಚೇಚೀ, ನೀವು ಹಿಡಿದಿದ್ದಾ ಅದು?”

“ಇಲ್ಲ ಮಗಳೇ,” ಎಂದಳು ಅಮ್ಮಿಣಿ. “ನಾನು ಹಿಡಿದಿದ್ದು ಚಪ್ಪಲಿ. ಮೀನನ್ನ ಮಾಷ್ ಪೇಟೇಲಿ ಹಿಡಿದ್ರು. ಗದ್ದೇದೆಲ್ಲ ವರೀದನ ಹೊಟ್ಟೇಲಿದೆ.”

ಅಲ್ಲಿಗೆ ನೆಟ್‌ವರ್ಕ್ ಹೋಯಿತು. ಹೋದದ್ದು ಮಾಷ್‌ರ ಹೆಬ್ಬೆರಳಿನಿಂದ ಎಂದು ಹತ್ತಿರ ನಿಂತವರೆಲ್ಲ ಕಂಡರು.

ಮುಂದೆ ಶಾಲೆಗಳಿಗೆ ಹೋದ ವಿಡಿಯೋದಲ್ಲಿ ಅಮ್ಮಿಣಿಯ ಬಾಯಿ ಅಲುಗುತ್ತದೆ, ವೀಣೆ ಕೇಳಿಸುತ್ತದೆ. ಅದಕ್ಕೊಂದು ಬಹುಮಾನವೂ ಬಂತು. ಅಷ್ಟು ದಿನ ನೀರು ನಿಂತ ಗದ್ದೆಯಲ್ಲಿ ಆ ವರ್ಷ ಭತ್ತ ಬಿತ್ತಲಾಗಲಿಲ್ಲ. ಕರ್ಕಟಕದಲ್ಲಿ ಅಮ್ಮಿಣಿ ಗಂಜಿಗೆ ಉಪ್ಪು ನಂಚಿಕೊಂಡಳು. ಬಹುಮಾನದ ಸನ್ಮಾನ ಸಭೆಯಲ್ಲಿ ವರೀದ್ ಶಾಲು ಹೊದಿಸುತ್ತ ಹೇಳಿದ: “ಇನ್ನು ಮೇಲೆ ಪ್ರತಿವರ್ಷ ಪರಿಸರ ದಿನಕ್ಕೇ ಕಲಕೋಣ. ಮಕ್ಕಳು ಕಾಯ್ತಿರ್ತಾರೆ.” ಶಾಲಿನ ಒಳಗಿನಿಂದ ಮಾಷ್ ತಲೆಯಾಡಿಸಿದರು. ಒಂದು ಸಲದ ತಪ್ಪನ್ನು ಪದ್ಧತಿ ಮಾಡಲು ಇಷ್ಟೇ ಸಾಕು. ಎರಡನೆಯ ವರ್ಷವೂ ಊರು ಕೈಕಟ್ಟಿ ಕುಳಿತಿದ್ದರೆ ವಿಷುವಿನ ಮರುದಿನ ಗದ್ದೆ ಕಲಕುವುದೇ ಚರಿತ್ರೆಯ ಪಾಠದೊಳಗೆ ಸೇರಿಹೋಗುತ್ತಿತ್ತು.

ಮರುವರ್ಷ ವಿಷುವಿನ ಮರುದಿನ ಬೆಳಗಾಗುವಷ್ಟರಲ್ಲಿ ಊರಿನ ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಸಭೆ ಇಲ್ಲ, ಬಜ್ಜಿ ಇಲ್ಲ. ವರೀದ್ ತೂಬಿನ ಮೇಲೆ ನಿಂತು, “ತಾರೀಕು ಇವತ್ತಲ್ಲ, ಕಾರ್ಯದರ್ಶೀನ ಕರೀರಿ,” ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಕಾರ್ಯದರ್ಶಿಗಳು ಬಂದರು, ಇಸ್ತ್ರಿ ಮುಂಡು, ಕೈಯಲ್ಲಿ ಫೋನು.

“ಇದೇನು ಅಮ್ಮಿಣೀ? ಒಬ್ಬ ವಿದ್ಯಾರ್ಥಿಯೂ ನೋಡ್ತಿಲ್ಲ.”

“ರಜೆ ಅಲ್ವಾ ಮಾಷೇ,” ಎಂದಳು ಅಮ್ಮಿಣಿ, ತಲೆಯೆತ್ತದೆ. “ಪಾಠ ಇಲ್ಲ. ಮೀನು ಮಾತ್ರ.”

ಮಾಷ್ ವರೀದನ ಪರವಾಗಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಮ್ಮಿಣಿಯ ಪಕ್ಕದಲ್ಲಿ ಬಗ್ಗಿದ್ದ, ಸೊಂಟದವರೆಗೆ ಕೆಸರಾದ ಹೆಂಗಸು ನೆಟ್ಟಗೆ ನಿಂತಳು. ಸುಭಾಷಿಣಿ.

“ಮಾತು ಆಮೇಲೆ,” ಎಂದರು ಸುಭಾಷಿಣಿ. “ಹೋದ ಮಳೆಗಾಲದಲ್ಲಿ ದಿನಾ ಒಣಮೀನು ಎಲ್ಲಿ, ಒಣಮೀನು ಎಲ್ಲಿ ಅಂತ ಕೇಳಿದ್ದು ಯಾರು? ಫೋನು ಜೇಬಿಗೆ ಹಾಕಿ, ಈ ಬುಟ್ಟಿ ಹಿಡೀರಿ.”

ವರೀದ್ ತೂಬಿನ ಮೇಲಿಂದ ಸದ್ದಿಲ್ಲದೆ ಇಳಿದ. ಮಾಷ್ ಬುಟ್ಟಿ ಹಿಡಿದರು. ಎರಡು ಬೆರಳಲ್ಲಿ, ಮುಂಡಿಗೆ ತಾಗದಷ್ಟು ದೂರದಲ್ಲಿ. ಒಳಗೆ ಮೀನುಗಳು ಬಡಿದುಕೊಂಡು ಅವರ ಬಿಳಿ ಮುಂಡಿನ ತುಂಬ ಕೆಸರು ಎರಚಿದವು.