ಹಸಿದ ಡಬ್ಬದ ಕಿತ್ತಳೆ ಹಿಕ್ಕೆ

ಇಪ್ಪತ್ತು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ ಇನ್ನೊಬ್ಬರ ಮಕ್ಕಳು ಒಡೆದ ಗಾಜು ಗುಡಿಸಿದ ಮೇಲೆ, ತಾನೂ ಒಂದಿಷ್ಟು ಒಡೆಯಬೇಕು ಎಂದು ಅವಳಿಗೆ ಅನ್ನಿಸಿತು. ರಜೆ ಹಾಕಿ, ನಲವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯದ ಆನರ್ಸ್ ವರ್ಷಕ್ಕೆ ಸೇರಿದಳು. ಒಂದು ಸಂಶೋಧನೆ, ಒಂದು ಪ್ರಬಂಧ, ಕೊನೆಗೆ ಪರೀಕ್ಷಕರ ಎದುರು ವೈವಾ. ಪಾಸಾದರೆ ಅದೇ ಶಾಲೆಯಲ್ಲಿ ಪಾಠ ಮಾಡುವ ಕೆಲಸ, ಇಲ್ಲವಾದರೆ ಮತ್ತೆ ಪೊರಕೆ. ಜೊತೆಯ ಹುಡುಗರು ಅವಳನ್ನು ಆಂಟಿ ಎನ್ನುತ್ತಿದ್ದರು. ಅವಳಿಗಿಂತ ಚಿಕ್ಕವರಾದ ಗೈಡ್ ಮಹಾಶಯರು ಏನೆಂದು ಕರೆಯಬೇಕೋ ತಿಳಿಯದೆ ಪ್ರತಿ ಮಾತನ್ನೂ ಕೆಮ್ಮಿನಿಂದ ಶುರುಮಾಡುತ್ತಿದ್ದರು.

ಅವಳ ವಿಷಯ ಬಸವನಹುಳು. ಅದು ಹೋದಲ್ಲೆಲ್ಲ ಲೋಳೆಯ ಜಾಡು ಬಿಡುತ್ತದೆ. ಹಿಂದೆ ಬಂದ ಹುಳು ಆ ಜಾಡು ಹಿಡಿಯುತ್ತದೋ, ತನ್ನ ದಾರಿ ತಾನು ನೋಡಿಕೊಳ್ಳುತ್ತದೋ? ಹೊಟ್ಟೆ ಹಸಿದಷ್ಟೂ ಇನ್ನೊಬ್ಬರ ಬೆನ್ನು ಹತ್ತುವ ಚಾಳಿ ಹೆಚ್ಚು ಎಂಬುದು ಅವಳ ಊಹೆ. ಒಂದು ಡಬ್ಬಕ್ಕೆ ದಿನವೂ ಕೋಸಿನ ಎಲೆ, ಇನ್ನೊಂದಕ್ಕೆ ವಾರಕ್ಕೊಮ್ಮೆ. ಮೊದಲ ತಿಂಗಳುಗಳಲ್ಲಿ ಹಸಿದ ಡಬ್ಬದವು ಟಿಕೆಟ್ ಆಕಾಂಕ್ಷಿಗಳಂತೆ ಮುಂದಿನವರ ಬೆನ್ನು ಬಿಡಲಿಲ್ಲ.

ಕಾಲೇಜಿನ ರಜೆಯಲ್ಲಿ, ಡಬ್ಬಗಳನ್ನು ಇಟ್ಟಿದ್ದ ವಿಭಾಗದ ತಂಪು ಕೋಣೆಯ ರಿಪೇರಿ ಶುರುವಾಯಿತು. ಡಬ್ಬಗಳು ಅವಳ ಮನೆಯ ಬಚ್ಚಲಿಗೆ ಬಂದವು.

“ಇವುಗಳ ಮುಂದೆ ನಾನು ಸ್ನಾನ ಮಾಡಬೇಕಾ? ಕೊಂಬು ಎತ್ತಿ ನೋಡ್ತಾವೆ ಕಣೇ,” ಎಂದರು ಅತ್ತೆ.

“ಅವಕ್ಕೆ ಕಣ್ಣು ಮಂದ, ಅತ್ತೆ.”

“ನಿನ್ನ ಮಾವನಿಗೂ ಮಂದ ಇತ್ತು. ನೋಡೋದೇನೂ ಬಿಟ್ಟಿರಲಿಲ್ಲ.”

ರಜೆಯಲ್ಲೂ ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಹಲಗೆ ಇಟ್ಟು ಪರೀಕ್ಷೆ ನಡೆಸಿದಳು. ಹಸಿದವು ಜಾಡನ್ನು ಮೂಸಿಯೂ ನೋಡದೆ ಮನಸ್ಸು ಬಂದತ್ತ ಹೊರಟವು. ಗೈಡ್ ಅಂಕಿಗಳನ್ನು ನೋಡಿ ಕೆಮ್ಮಿದರು. “ಹಾಗಾದ್ರೆ ಮೊದಲು ಬಂದ ಫಲಿತಾಂಶವೇ ಆಕಸ್ಮಿಕ ಅನ್ಸತ್ತೆ.” ಪ್ರಬಂಧ ಒಪ್ಪಿಸಲು ಉಳಿದಿದ್ದು ಆರು ವಾರ.

ಮರುದಿನ ಹಸಿದ ಡಬ್ಬ ತೊಳೆಯುವಾಗ ಅವಳ ಕೈ ನಿಂತಿತು. ಹಿಕ್ಕೆ ಕಿತ್ತಳೆ ಬಣ್ಣಕ್ಕಿತ್ತು. ಬಸವನಹುಳುವಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ತಿಂದ ಬಣ್ಣವೇ ಆಚೆಗೂ ಬರುತ್ತದೆ. ಅವಳು ಹಾಕಿದ್ದು ಹಸಿರು ಕೋಸು ಮಾತ್ರ.

“ಅತ್ತೆ, ಇವಕ್ಕೆ ಕ್ಯಾರೆಟ್ ಹಾಕಿದ್ರಾ?”

“ಸಿಪ್ಪೆ ಹಾಕಿದೆ. ಕ್ಯಾರೆಟ್ಟೇ ಹಾಕೋಕೆ ನಾವೇನು ಸಾಹುಕಾರರಾ?”

“ಯಾವಾಗ?”

“ದಿನಾ. ನೀನು ಒಂದು ಡಬ್ಬಕ್ಕೆ ಬಡಿಸ್ತೀಯ, ಪಕ್ಕದ್ದು ಬಾಯಿ ನೋಡ್ಕೊಂಡು ಕೂತಿರತ್ತೆ. ನಮ್ಮನೇಲಿ ಪಂಕ್ತಿಭೇದ ನಡೆಯಲ್ಲ.”

“ಅವು ಹಸಿದಿರಲಿ ಅಂತಲೇ ಇಟ್ಟಿದ್ದು.”

“ಅದನ್ನ ಕಲಿಯೋಕೂ ಕಾಲೇಜು ಬೇಕಾಯ್ತಾ?”

“ಎಷ್ಟೆಷ್ಟು ಹಾಕಿದ್ರಿ?”

“ಕೊಂಬು ಎತ್ತಿದವಕ್ಕೆ ಜಾಸ್ತಿ.”

ಗೈಡ್ ಈ ಸಲ ಎರಡು ಬಾರಿ ಕೆಮ್ಮಿದರು. “ರಜೆಯ ಅಂಕಿ ಬಿಟ್ಬಿಡಿ. ಯಾರೂ ಕೇಳಲ್ಲ.”

ಬಸ್ಸಿನಲ್ಲಿ ಅವಳಿಗೆ ಅದೇ ಯೋಚನೆ. ಒಲೆ ಹಚ್ಚುವ ಮೊದಲೇ ನೀರಿನ ಉಷ್ಣತೆ ಬರೆದಿಟ್ಟ ಎಷ್ಟು ಮಕ್ಕಳ ಕಿವಿ ಹಿಂಡಿದ್ದಾಳೆ ಅವಳು. ಈಗ ಯಾವ ಮುಖ ಹೊತ್ತು ಅವರಿಗೆ ಪಾಠ ಮಾಡುವುದು? ಅಂಕಿಗಳನ್ನು ಮತ್ತೆ ಮನಸ್ಸಿನಲ್ಲೇ ಓಡಿಸಿದಳು. ಅವೇ ಹುಳುಗಳು. ಹಸಿದಿದ್ದಾಗ ಜಾಡು ಹಿಡಿದವು, ಅತ್ತೆಯ ಕೃಪೆಯಿಂದ ಹೊಟ್ಟೆ ತುಂಬಿದಾಗ ಬಿಟ್ಟವು. ತನ್ನ ಊಹೆಯೂ ಅದೇ ತಾನೇ? ಮತ್ತೆ ಹಸಿವಾದಾಗ ಮತ್ತೆ ಹಿಡಿದರೆ ಮಾತು ಗಟ್ಟಿಯಾಗುತ್ತದೆ. ನಿಲ್ದಾಣ ದಾಟಿ ಹೋಗಿದ್ದಳು. ಇಳಿದು, ವಾಪಸ್ ವಿಭಾಗಕ್ಕೇ ಬಂದಳು.

ಕೇಳಿಸಿಕೊಂಡ ಗೈಡ್ ಮೊದಲ ಬಾರಿಗೆ ಕೆಮ್ಮಲಿಲ್ಲ. “ಮಾಡಿ, ಅಕ್ಕ,” ಎಂದರು. ಎಂದಮೇಲೆ ಕಿವಿ ಕೆಂಪಾಯಿತು.

ರಿಪೇರಿ ಮುಗಿದ ಕೋಣೆಗೆ ಡಬ್ಬಗಳು ಹೋದವು, ಬಾಗಿಲಿಗೆ ಬೀಗ ಬಿತ್ತು. “ಜೈಲಿಗೆ ಹಾಕಿದ್ಯಾ?” ಎಂದ ಅತ್ತೆ ಅವತ್ತಿನಿಂದ ಮಾತು ಬಿಟ್ಟರು. ಹುಳುಗಳು ಹಸಿದವು, ಜಾಡು ಹಿಡಿದವು. ಅವಳು ಕಿತ್ತಳೆ ಹಿಕ್ಕೆಯನ್ನೂ ಸೇರಿಸಿ ಎಲ್ಲವನ್ನೂ ಬರೆದಳು.

ವೈವಾದಲ್ಲಿ ಪರೀಕ್ಷಕರು ಕನ್ನಡಕ ಹಣೆಗೇರಿಸಿದರು. “‘ಕುಟುಂಬದ ಸದಸ್ಯರೊಬ್ಬರು ಅಳತೆಯಿಲ್ಲದೆ ಆಹಾರ ನೀಡಿದರು.’ ಯಾರಿವರು?”

“ನಮ್ಮತ್ತೆ, ಸರ್.”

“ಅವರನ್ನ ನಿಯಂತ್ರಣದಲ್ಲಿ ಇಡೋಕೆ ಆಗ್ಲಿಲ್ವಾ?”

“ಮದುವೆಯಾದಾಗಿಂದ ಪ್ರಯತ್ನ ನಡೀತಿದೆ, ಸರ್. ಫಲಿತಾಂಶ ಇನ್ನೂ ಬಂದಿಲ್ಲ.”

ಮೂಲೆಯಲ್ಲಿದ್ದ ಗೈಡ್‌ಗೆ ಈ ಸಲ ನಿಜವಾಗಿಯೂ ಕೆಮ್ಮು ಬಂತು. ಪರೀಕ್ಷಕರು ನಗುತ್ತಲೇ ಅಂಕ ಕೊಯ್ದರು. ಸಿಪ್ಪೆ ತೂಗಿಲ್ಲವಾದ್ದರಿಂದ ಪ್ರಥಮ ದರ್ಜೆ ಇಲ್ಲ, ದ್ವಿತೀಯ. ಪಾಸು.

ಸಂಜೆ ಅವಳು ಹಸಿದ ಡಬ್ಬವನ್ನು ಎತ್ತಿಕೊಂಡು ಮನೆಗೆ ಬಂದಳು. ಅತ್ತೆ ಸೊಸೆಯನ್ನು ಬಿಟ್ಟು ಹುಳುಗಳನ್ನು ಮಾತಾಡಿಸಿದರು. “ಎಷ್ಟು ಸೊರಗಿ ಹೋಗಿದ್ದೀರೋ.” ಆಮೇಲೆ ಸೊಸೆಯ ಕಡೆ ತಿರುಗಿ, “ಪಾಸಾ?”

“ಪಾಸು.”

ಅತ್ತೆ ಒಂದು ಇಡೀ ಕ್ಯಾರೆಟ್ ತೊಳೆದು, ಸಿಪ್ಪೆ ಸಮೇತ ಹೆಚ್ಚತೊಡಗಿದರು.

“ಸಾಹುಕಾರರಾಗಿಬಿಟ್ವಾ, ಅತ್ತೆ?”

“ಟೀಚರಮ್ಮನ ಮನೆಯಲ್ವಾ,” ಎಂದು ಅವರು ಡಬ್ಬದ ಮುಚ್ಚಳ ತೆಗೆದರು.