ಟಿಫಿನ್ ಡಬ್ಬಿಯಲ್ಲಿ ಬಂದ ಹಿತ್ತಾಳೆ ತುಂಡು

ನಿಮ್ಮ ತಾತ ಹೋದ ಮರುವರ್ಷ ಬಾಗಲಗುಂಟೆ ಮನೆಯ ಅಡುಗೆಮನೆ ನಲ್ಲಿ ಕೆಟ್ಟಿತು. ತಿರುಗಿಸಿದರೆ ಹಿಡಿ ಮಾತ್ರ ಸುತ್ತುತ್ತಿತ್ತು, ನೀರು ನಿಲ್ಲುತ್ತಿರಲಿಲ್ಲ. ಪ್ಲಂಬರ್ ಬಂದು ನಲ್ಲಿಯನ್ನೂ, ಅದರ ಹಿಂದೆ ಗೋಡೆಗೆ ಸೇರಿಕೊಂಡಿದ್ದ ಬೆರಳುದ್ದದ ಹಿತ್ತಾಳೆ ತುಂಡನ್ನೂ ಬಿಚ್ಚಿದ. ಹೊಸ ನಲ್ಲಿ ಸಿಂಕಿನ ಮೇಲೆ ನಿಲ್ಲುವಂಥದ್ದು, ಅದಕ್ಕೆ ಕೆಳಗಿನಿಂದ ಕನೆಕ್ಷನ್ ಪೈಪು ಬೇಕು, ಈ ತುಂಡಿಗೆ ಕೂರುವಂಥದ್ದನ್ನು ನೋಡಿ ತನ್ನಿ ಎಂದ. ಸಾಮಾನು ತರುವುದು ಮನೆಯವರ ಕೆಲಸ, ಕೂರಿಸುವುದಷ್ಟೇ ಅವನದು. ನಿಮ್ಮಪ್ಪ ಶಿಫ್ಟಿಗೆ ಹೋಗಿದ್ದ. ಅಲ್ಲಿಯವರೆಗೆ ನಾನು ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ.

ಅಂಗಡಿಯ ತುಂಬ ಗಂಡಸರು. ಬಾಗಿಲ ಪಕ್ಕದಲ್ಲೇ ನಿಂತೆ. ನನ್ನ ಹಿಂದೆ ಬಂದವರೆಲ್ಲ ಸಾಮಾನು ಕೊಂಡು ಹೋದ ಮೇಲೆ ಅಂಗಡಿಯವರೇ ಕರೆದು ಏನು ಬೇಕೆಂದರು. ತುಂಡನ್ನು ಮುಂದಿಟ್ಟೆ. ಸ್ಟೀಲ್ ಜಾಲರಿ ಹೆಣೆದಿರುವುದೋ, ಬಿಳಿ ಪ್ಲಾಸ್ಟಿಕ್ಕಿನದೋ, ಉದ್ದದ್ದೋ ಗಿಡ್ಡದ್ದೋ ಎಂದು ಕೇಳಿದರು. ಕೊನೆಗೆ, ಪ್ಲಾಸ್ಟಿಕ್ಕು ಬೇಗ ಬಿರಿಯುತ್ತದೆ ಎಂದು ಅವರೇ ಸ್ಟೀಲಿನದನ್ನು ತೆಗೆದರು. ಅದರ ನಟ್ಟು ತುಂಡಿನ ಮೇಲೆ ಒಂದು ಸುತ್ತು ಹೋಗಿ ಕಚ್ಚಿಕೊಂಡಿತು, ಮುಂದೆ ಹೋಗಲಿಲ್ಲ. ಇನ್ನೊಂದು ತೆಗೆದರು. ಅದೂ ಅಷ್ಟೆ.

ಬೋಲ್ಟು ಕೊಳ್ಳಲು ಬಂದಿದ್ದ, ಫ್ಯಾಕ್ಟರಿಯ ನೀಲಿ ಯೂನಿಫಾರ್ಮಿನವರೊಬ್ಬರು ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದು ಅಂಗಡೀದಲ್ಲ ಗುರು. ಯಾರೋ ಲೇತಲ್ಲಿ ಥ್ರೆಡ್ ಹೊಡ್ದವ್ರೆ. ಟಿಫಿನ್ ಡಬ್ಬೀಲಿ ಬಂದಿರೋ ಮಾಲು."

ಎಲ್ಲರೂ ನಕ್ಕರು.

ಅವರು ಹೇಳಿದ್ದು ನಿಜ. ಪೀಣ್ಯದ ಫ್ಯಾಕ್ಟರಿಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದ ನಿಮ್ಮ ತಾತ ಒಂದು ಸಂಜೆ ಊಟದ ಡಬ್ಬಿಯೊಳಗಿಂದ ಅದನ್ನು ತೆಗೆದು ತೋರಿಸಿದ್ದರು. ಗುಜರಿಗೆ ಹೋಗುವ ಹಿತ್ತಾಳೆ, ಬಿಡುವಿನಲ್ಲಿ ನಮ್ಮ ನಲ್ಲಿಯ ಅಳತೆಗೆ ಕಡೆದೆ ಎಂದಿದ್ದರು. ಅವರ ಜೊತೆಯವರ ಮನೆಗಳಿಗೂ ಚಿಲಕ, ಲಟ್ಟಣಿಗೆ ಹೀಗೆಯೇ ಬಂದಿದ್ದವು. ಡಬ್ಬಿಯ ಎಣ್ಣೆ ವಾಸನೆ ಹೋಗಲೆಂದು ಹುಣಸೆಹಣ್ಣು ಹಾಕಿ ತಿಕ್ಕಿದವಳು ನಾನೇ. ಆಗ ನಾಚಿಕೆಯಾಗಿರಲಿಲ್ಲ. ಇನ್ನು ಅಡುಗೆಮನೆಗೇ ನಲ್ಲಿ ಬಂತು, ಬಚ್ಚಲಲ್ಲಿ ಕೂರದೆ ನಿಂತುಕೊಂಡು ಪಾತ್ರೆ ತೊಳೆಯಬಹುದಲ್ಲ ಎಂದು ಹಿಗ್ಗಿದ್ದೆ. ಈಗ ಅಷ್ಟು ಜನರ ನಡುವೆ, ಸತ್ತವರಿಗೆ ಕಳ್ಳತನ ಅಂಟಿಕೊಂಡಿತಲ್ಲ ಎಂದು ಕಿವಿ ಬಿಸಿಯಾದವು.

"ಯಾರಮ್ಮ ಮಾಡಿದ್ದು?" ಎಂದರು ನೀಲಿ ಯೂನಿಫಾರ್ಮಿನವರು.

ನಮ್ಮನೆಯವರು ಎಂದರೆ ಯಾವ ಫ್ಯಾಕ್ಟರಿ ಎಂದು ಕೇಳುತ್ತಾರೆ. ಫ್ಯಾಕ್ಟರಿ ಹೇಳಿದರೆ ಇವರಲ್ಲಿ ಯಾರಿಗಾದರೂ ಅವರ ಗುರುತಿರುತ್ತದೆ. ಗೊತ್ತಿಲ್ಲವೆಂಬಂತೆ ತಲೆಯಾಡಿಸಿದೆ.

ಅಂಗಡಿಯವರು ಆ ತುಂಡಿನ ಬದಲು ಗೋಡೆಗೆ ಹಾಕುವ ಹೊಸ ನಿಪ್ಪಲನ್ನೂ ಅದಕ್ಕೆ ಹೊಂದುವ ಪೈಪನ್ನೂ ತೆಗೆದಿಟ್ಟು, ಹಳೆಯ ತುಂಡನ್ನು ಗುಜರಿ ಡಬ್ಬಕ್ಕೆ ಎಸೆದರು. ನಾನು ಯೋಚಿಸಲೇ ಇಲ್ಲ. ಬಗ್ಗಿ ಕೈಹಾಕಿ ಅದನ್ನು ಎತ್ತಿಕೊಂಡೆ. ಗೊತ್ತಿಲ್ಲ ಎಂದವಳು ಯಾಕೆ ಎತ್ತಿಕೊಂಡಳೆಂದು ಅಲ್ಲಿದ್ದ ಎಲ್ಲರಿಗೂ ತಿಳಿದುಹೋಯಿತು. ಈ ಸಲ ಯಾರೂ ನಗಲಿಲ್ಲ.

"ಇಟ್ಕೊಳಿ ಅಕ್ಕ," ಎಂದರು ಆ ನೀಲಿ ಯೂನಿಫಾರ್ಮಿನವರು. "ನಮ್ಮನೇಲೂ ಅವೆ ಇಂಥವು. ತಂದಿರೋನು ನಾನೇ."

ಸಮಾಧಾನಕ್ಕೇ ಹೇಳಿದ್ದು. ಆದರೂ ನನಗೆ ಮುಖ ಎತ್ತಲಾಗಲಿಲ್ಲ. ದುಡ್ಡು ಕೊಟ್ಟು, ಪೈಪಿನ ಉದ್ದವನ್ನೂ ನೋಡದೆ ಹೊರಟುಬಂದೆ.

ಮನೆಯಲ್ಲಿ ಆ ಪೈಪು ಹೊಸ ನಲ್ಲಿಯವರೆಗೆ ಮುಟ್ಟಲೇ ಇಲ್ಲ. ಅದೇ ಅಂಗಡಿಗೆ ಹೋದರೆ ಬದಲಿಸಿ ಕೊಡುತ್ತಾರೆ ಎಂದ ಪ್ಲಂಬರ್. ಹೂಂ ಎಂದವಳು ಆ ಅಂಗಡಿ ಸಿಗದ ಹಾಗೆ ಹಿಂದಿನ ಗಲ್ಲಿಗಳಲ್ಲಿ ಸುತ್ತಿ, ಹೆಸರಘಟ್ಟ ರಸ್ತೆಯವರೆಗೆ ನಡೆದು, ಬೇರೆ ಅಂಗಡಿ ಹುಡುಕಿದೆ. ಅಲ್ಲಿಯೂ ಸ್ಯಾಂಪಲ್ ಇದೆಯಾ ಎಂದರು. ಗಿಡ್ಡ ಪೈಪನ್ನು ತೋರಿಸಿ, ಇದೇ ಥರ, ಉದ್ದದ್ದು ಎಂದೆ. ನಿಮ್ಮ ತಾತ ಕಡೆದದ್ದು ಸೆರಗಿನ ಗಂಟಿನಲ್ಲಿ ಭಾರವಾಗಿ ಜೋಲುತ್ತಿತ್ತು. ಅದು ಕಾಣಿಸದಿರಲೆಂದು ಕೈ ಅಡ್ಡ ಹಿಡಿದುಕೊಂಡೇ ನಿಂತಿದ್ದೆ.